ಕೊಳಗದ ಲೆಕ್ಕ

ವೋಟಿನ ದಿನ ಬಂದ್ರೆ ಆಫೀಸಲ್ಲಿ ಒಂದೇ ಮಾತು: “ನಮ್ಮೊಂದು ವೋಟಿಂದ ಏನಾಗತ್ತೆ ಗುರು?” ಆಗೆಲ್ಲ ನನಗೆ ಸಾಗರದ ಹತ್ತಿರದ ಕಾಗೋಡು ನೆನಪಾಗುತ್ತೆ.

ಅಲ್ಲಿ ಜಗಳ ಶುರುವಾಗಿದ್ದು ಕೊಳಗದಿಂದ, ಅಂದ್ರೆ ಭತ್ತ ಅಳೆಯೋ ಪಾತ್ರೆಯಿಂದ. ಗೇಣಿ ಭತ್ತ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದು. ಅಳತೆ ಸರಿಯಿರಲಿ, ಕೊಟ್ಟ ಗೇಣಿಗೆ ರಸೀದಿ ಕೊಡಿ ಅಂತ ಗೇಣಿದಾರರು ಕೇಳಿದರು. ಕ್ರಾಂತಿ ಗೀಂತಿ ಅಂತ ಯಾರೂ ಹೊರಟಿರಲಿಲ್ಲ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ದರು. ಒಡೆಯರು ಜಮೀನು ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯ್ತು: ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಇಳಿಯೋದು, ಪೊಲೀಸರು ಹಿಡಿದರೆ ಜೈಲಿಗೆ ಹೋಗೋದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು.

ಗದ್ದೆಯೇನೂ ಆಗಲೇ ಸಿಗಲಿಲ್ಲ. ಆದರೆ 1952ರ ಮೊದಲ ಚುನಾವಣೆಯಲ್ಲಿ ಅಲ್ಲಿನ ಜನ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಗೌಡರಿಗಿನ್ನೂ ಮೂವತ್ತು ತುಂಬಿರಲಿಲ್ಲ, ನಮ್ಮ ಟೀಮ್ ಲೀಡ್‌ಗಿಂತ ಚಿಕ್ಕವರು!

ಗೇಣಿ ಪದ್ಧತಿಯನ್ನೇ ತೆಗೆದ ತಿದ್ದುಪಡಿ ಜಾರಿಯಾಗಿದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಅದನ್ನು ನೋಡೋಕೆ ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ನಮ್ಮೂರಲ್ಲಿ ಅಜ್ಜ ‘ಡಿಕ್ಲರೇಷನ್’ ಹಾಕಿದ್ದೂ ಅದೇ ಕಾಯ್ದೆಯಡಿ. ನನ್ನ ಬಿಇ ಫೀಸು ಕಟ್ಟಿದ್ದು ಆ ಗದ್ದೆಯ ಭತ್ತ ಮಾರಿ.