ಗುಲ್ಮ, ಪ್ಲೀಹ ಮತ್ತು ದೆಹಲಿಯ ಉದರಶಸ್ತ್ರ ಸಂಶೋಧನೆ

೧

ಕನ್ನಡದ ಪ್ರಾಚೀನ ವೈದ್ಯಗ್ರಂಥಗಳನ್ನು ಅಭ್ಯಸಿಸುವವರಿಗೆ ‘ಗುಲ್ಮ’ ಎಂಬ ಪದವು ತೊಡಕನ್ನು ಒಡ್ಡುತ್ತದೆ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಅದು ಹೊಟ್ಟೆಯ ಎಡಮೇಲ್ಭಾಗದ ಒಂದು ಅಂಗದ ಹೆಸರು, ‘ಪ್ಲೀಹ’ಕ್ಕೆ ಪರ್ಯಾಯ. ಆಯುರ್ವೇದ ಪರಂಪರೆಯಲ್ಲಾದರೋ ಗುಲ್ಮವು ಅಂಗವಲ್ಲ, ರೋಗ. ಹೃದಯ ಮತ್ತು ಬಸ್ತಿಗಳ ನಡುವೆ ಉಂಡೆಯಾಗಿ ಕೈಗೆ ಸಿಗುವ, ಹೆಚ್ಚುತ್ತ ಕುಗ್ಗುತ್ತ ಇರುವ ಗಂಟು. ಇಂದಿನ ಅರ್ಥವನ್ನು ನೆಚ್ಚಿ ಹನ್ನೆರಡನೆಯ ಶತಮಾನದ ಪಠ್ಯವನ್ನು ಓದಿದರೆ ರೋಗವೊಂದು ಅಂಗವಾಗಿ ಮಾರ್ಪಟ್ಟು, ಚಿಕಿತ್ಸೆಯ ವಿವರಣೆಯೇ ದಾರಿ ತಪ್ಪುತ್ತದೆ. ದೆಹಲಿಯ ಶಸ್ತ್ರವೈದ್ಯರು ಕಳೆದ ಶತಮಾನದ ಉತ್ತರಾರ್ಧದಲ್ಲಿ ಇದೇ ಪ್ಲೀಹವನ್ನು ಕುರಿತು ನಡೆಸಿದ ಸಂಶೋಧನೆಯನ್ನು ಹಳೆಯ ಪರಂಪರೆಯ ಎದುರಿಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

೨

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನು ‘ಕಲ್ಯಾಣಕಾರಕ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಸುಮಾರು ೧೧೫೦ರ ಜಗದ್ದಳ ಸೋಮನಾಥನು ಪೂಜ್ಯಪಾದರದೆನ್ನಲಾದ ಅದೇ ಹೆಸರಿನ ಬೇರೊಂದು ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದನು. ಜೈನ ವೈದ್ಯರ ಈ ಧಾರೆ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿತಾದರೂ ರೋಗಗಳ ವರ್ಗೀಕರಣದಲ್ಲಿ ಆಯುರ್ವೇದದ ಸಾಮಾನ್ಯ ಚೌಕಟ್ಟನ್ನೇ ಬಳಸಿತು.

ಆ ಚೌಕಟ್ಟಿನಲ್ಲಿ ಉದರರೋಗಗಳು ಎಂಟು. ತ್ರಿದೋಷಗಳಿಂದ ಮೂರು, ಸನ್ನಿಪಾತದಿಂದ ಒಂದು. ಉಳಿದವು ಪ್ಲೀಹೋದರ, ಬದ್ಧಗುದ, ಕರುಳಿನ ಗಾಯದಿಂದ ಬರುವ ಉದರ ಮತ್ತು ಜಲೋದರ. ಸುಶ್ರುತಸಂಹಿತೆಯು ಜಲೋದರಕ್ಕೆ ನಾಭಿಯ ಕೆಳಗೆ ಎಡಕ್ಕೆ ನಾಲ್ಕು ಅಂಗುಲ ಸರಿದು ಚುಚ್ಚಿ ನೀರನ್ನು ತೆಗೆಯಲು ಹೇಳುತ್ತದೆ; ಒಂದೇ ದಿನ ಎಲ್ಲವನ್ನೂ ತೆಗೆಯಬಾರದೆಂದು ಎಚ್ಚರಿಸುತ್ತದೆ. ಕರುಳು ತೂತಾಗಿದ್ದರೆ ಕಪ್ಪು ಇರುವೆಗಳಿಂದ ಅಂಚುಗಳನ್ನು ಕಚ್ಚಿಸಿ, ತಲೆಯನ್ನು ಉಳಿಸಿ ಒಡಲನ್ನು ಕತ್ತರಿಸುವ ವಿಧಾನವೂ ಅಲ್ಲಿದೆ. ಪ್ಲೀಹೋದರಕ್ಕಾದರೋ ಹೊಟ್ಟೆಯನ್ನು ತೆರೆಯುವ ಮಾತಿಲ್ಲ. ಎಡತೋಳಿನ ಸಿರೆಯಿಂದ ರಕ್ತವನ್ನು ಹರಿಸಬೇಕು. ರಕ್ತವಹ ಸ್ರೋತಸ್ಸುಗಳ ಮೂಲ ಯಕೃತ್ ಮತ್ತು ಪ್ಲೀಹಗಳಲ್ಲಿದೆ ಎಂಬ ತಿಳಿವಳಿಕೆಯೊಡನೆ ಈ ಚಿಕಿತ್ಸೆ ಹೊಂದಿಕೊಳ್ಳುತ್ತದೆ. ಪ್ಲೀಹದ ಊತವನ್ನು ರಕ್ತದ ಸಂಚಾರದೊಡನೆ ಜೋಡಿಸಿದ್ದು ಗಮನಾರ್ಹ. ಆದರೆ ಯಾವ ನಾಳದಲ್ಲಿ, ಯಾವ ಅಡ್ಡಿಯಿಂದ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

೩

ಆ ಪ್ರಶ್ನೆ ಯೂರೋಪಿನಲ್ಲಿಯೂ ತಡವಾಗಿಯೇ ಎದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ಲಾರೆನ್ಸಿನ ಗೈಡೊ ಬಾಂಟಿ ಈ ವ್ಯಾಧಿಗೆ ಪ್ಲೀಹವೇ ಮೂಲವೆಂದು ಭಾವಿಸಿದನು. ೧೯೪೫ರ ಹೊತ್ತಿಗೆ ನ್ಯೂಯಾರ್ಕಿನ ಅಲನ್ ವಿಪಲ್ ಮತ್ತು ಸಂಗಡಿಗರು ಕಾರಣವು ಪೋರ್ಟಲ್ ಅಭಿಧಮನಿಯಲ್ಲಿ ಏರಿದ ಒತ್ತಡವೆಂದು ತೋರಿದರು. ಕರುಳು ಮತ್ತು ಪ್ಲೀಹಗಳ ರಕ್ತವನ್ನು ಯಕೃತ್ತಿಗೆ ಒಯ್ಯುವ ಈ ನಾಳ ಕಟ್ಟಿಕೊಂಡರೆ ಪ್ಲೀಹ ಹಿಗ್ಗುತ್ತದೆ, ಅನ್ನನಾಳದ ಸಿರೆಗಳು ಉಬ್ಬಿ ಒಡೆದು ರೋಗಿ ರಕ್ತವನ್ನು ಕಾರುತ್ತಾನೆ. ಇಲ್ಲಿ ಪ್ಲೀಹ ಅಪರಾಧಿಯಲ್ಲ, ಸಾಕ್ಷಿ.

ಪಾಶ್ಚಾತ್ಯರಲ್ಲಿ ಇದಕ್ಕೆ ಮುಖ್ಯ ಕಾರಣ ಯಕೃತ್ತಿನ ಸಿರೋಸಿಸ್. ಭಾರತದಲ್ಲಿ ಸಿರೋಸಿಸ್ ಇಲ್ಲದೆಯೂ ಪ್ಲೀಹ ಹಿಗ್ಗಿದ ರೋಗಿಗಳು ಗಣನೀಯವಾಗಿದ್ದರು. ೧೯೫೬ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ವಿ. ರಾಮಲಿಂಗಸ್ವಾಮಿ, ಎನ್. ಸಿ. ನಾಯಕ್ ಮೊದಲಾದ ರೋಗವಿಜ್ಞಾನಿಗಳು ಇಂಥವರ ಯಕೃತ್ತನ್ನು ಪರೀಕ್ಷಿಸಿ, ಅದರೊಳಗಿನ ಪೋರ್ಟಲ್ ಶಾಖೆಗಳೇ ಮುಚ್ಚಿಹೋಗಿರುವುದನ್ನು ವಿವರಿಸಿದರು. ೧೯೬೯ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಗೋಷ್ಠಿಯು ಇದಕ್ಕೆ ‘ಸಿರೋಸಿಸ್‌ರಹಿತ ಪೋರ್ಟಲ್ ಫೈಬ್ರೋಸಿಸ್’ ಎಂಬ ಹೆಸರನ್ನು ನಿಶ್ಚಯಿಸಿತು. ಮಕ್ಕಳಲ್ಲಿಯಾದರೋ ಯಕೃತ್ತಿನ ಹೊರಗೆಯೇ ನಾಳ ಕಟ್ಟಿಕೊಳ್ಳುವುದು ಹೆಚ್ಚು.

ಈ ಭೇದವು ಶಸ್ತ್ರಕ್ರಿಯೆಯ ನಿರ್ಣಯವನ್ನೇ ಬದಲಿಸಿತು. ಪ್ಲೀಹವನ್ನು ತೆಗೆದು ಅದರ ಅಭಿಧಮನಿಯನ್ನು ಎಡ ಮೂತ್ರಪಿಂಡದ ಅಭಿಧಮನಿಗೆ ಜೋಡಿಸಿದರೆ ರಕ್ತಕ್ಕೆ ಬೇರೆ ದಾರಿ ಸಿಗುತ್ತದೆ. ಸಿರೋಸಿಸ್ ಇರುವವರಲ್ಲಿ ಇದರಿಂದ ಮಿದುಳು ಮಂಕಾಗುವ ಅಪಾಯವುಂಟು. ಆದ್ದರಿಂದ ಪಶ್ಚಿಮದಲ್ಲಿ ಹಿಂಜರಿಕೆಯಿತ್ತು. ಯಕೃತ್ತು ಆರೋಗ್ಯವಾಗಿರುವ ಮಗುವಿಗೆ ಆ ಹಿಂಜರಿಕೆ ಅಷ್ಟಾಗಿ ಅನ್ವಯಿಸದು. ಅದೇ ಸಂಸ್ಥೆಯಲ್ಲಿ ಸಮೀರನ್ ನಂದಿ ಮತ್ತು ಸಹೋದ್ಯೋಗಿಗಳು ೧೯೭೬ರಿಂದ ೧೯೯೨ರವರೆಗೆ ೧೬೦ ಮಕ್ಕಳಿಗೆ ಈ ಜೋಡಣೆಯನ್ನು ಮಾಡಿ, ಫಲಿತಾಂಶವನ್ನು ೧೯೯೪ರಲ್ಲಿ ಪ್ರಕಟಿಸಿದರು. ಶಸ್ತ್ರಕ್ರಿಯೆಯ ಒಟ್ಟು ಮರಣ ಪ್ರಮಾಣ ಶೇ. ೧.೯, ತುರ್ತಾಗಿ ಮಾಡಿದವುಗಳಲ್ಲಿ ಶೇ. ೧೦, ಮುನ್ನವೇ ಯೋಜಿಸಿ ಮಾಡಿದವುಗಳಲ್ಲಿ ಶೇ. ೦.೭. ದೂರದ ಹಳ್ಳಿಯಿಂದ ಬಂದು, ಮತ್ತೆ ರಕ್ತ ಕಾರಿದಾಗ ರಕ್ತನಿಧಿಯ ಆಸರೆ ಇಲ್ಲದ ಮಗುವಿಗೆ ಒಮ್ಮೆಯ ಶಸ್ತ್ರಕ್ರಿಯೆ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಮುಂದೆ ಎಂಡೋಸ್ಕೋಪಿಯ ಮೂಲಕ ಸಿರೆಗಳನ್ನು ಕಟ್ಟುವ ವಿಧಾನ ಬಳಕೆಗೆ ಬಂದು ಇದರ ಅಗತ್ಯ ಕಡಿಮೆಯಾಯಿತಾದರೂ ಇದು ಕೈಬಿಟ್ಟುಹೋಗಿಲ್ಲ.

೪

ಪ್ಲೀಹೋದರವೇ ಪೋರ್ಟಲ್ ಒತ್ತಡದ ರೋಗವೆಂದು ಸಮೀಕರಿಸುವ ಉತ್ಸಾಹವನ್ನು ನಾವು ಒಪ್ಪಲಾರೆವು. ಮಲೇರಿಯದಿಂದ ಊದಿದ ಪ್ಲೀಹವೂ ಪ್ರಾಚೀನ ವೈದ್ಯನ ಕೈಗೆ ಹಾಗೆಯೇ ಸಿಗುತ್ತಿತ್ತು. ನಮ್ಮ ಆಡುಮಾತಿನ ‘ಜ್ವರಗಡ್ಡೆ’ ಇದಕ್ಕೆ ಸಾಕ್ಷಿ. ಹಳೆಯ ಹೆಸರು ಅನೇಕ ರೋಗಗಳನ್ನು ಒಳಗೊಂಡಿತ್ತು. ದೆಹಲಿಯ ಸಂಶೋಧನೆ ಅವುಗಳಲ್ಲಿ ಕೆಲವನ್ನು ಬೇರ್ಪಡಿಸಿತು. ಹಾಗೆಂದು ಹಳೆಯವರ ವೀಕ್ಷಣೆಯನ್ನು ಅಲ್ಲಗಳೆಯುವುದೂ ಸಲ್ಲದು. ಬೆರಳುಗಳ ಸ್ಪರ್ಶದಿಂದಲೇ ಅವರು ಎಡದ ಊತವನ್ನು ಬಲದ ಊತದಿಂದ ಬೇರ್ಪಡಿಸಿದ್ದರು. ಪರಕೀಯ ಗ್ರಂಥದ ವಿಂಗಡಣೆಗಿಂತ ಎದುರಿಗಿರುವ ರೋಗಿಯನ್ನು ನಂಬಿದ್ದು ದೆಹಲಿಯವರ ಗುಣ. ಕನ್ನಡ ವೈದ್ಯಗ್ರಂಥಗಳ ಸಂಪಾದಕರಿಗೂ ಇದೇ ವಿಧಾನ ಹಿತ: ‘ಗುಲ್ಮ’ ಬಂದಲ್ಲೆಲ್ಲ ಇಂದಿನ ಅರ್ಥವನ್ನು ತುಂಬದೆ, ಆಯಾ ಪಠ್ಯದ ಲಕ್ಷಣ ಮತ್ತು ಚಿಕಿತ್ಸೆಗಳನ್ನು ನೋಡಿ, ಹೇಳಿರುವುದು ಅಂಗವೋ ರೋಗವೋ ಎಂಬುದನ್ನು ನಿರ್ಣಯಿಸಿ ಅರ್ಥಕೋಶದಲ್ಲಿ ನಮೂದಿಸತಕ್ಕದ್ದು.