ಸರ್ಕಾರದ ಕರೆಂಟ್ ಯೋಜನೆಗಳಿಂದ ಮನೆ ಸರ್ವೆ ಮಾಡೋರಿಗೆ ಕೆಲಸ ಸಿಗುತ್ತಾ? ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಓದಿ

ಸೋಲಾರ್ ಸರ್ವೆ, ಎನರ್ಜಿ ಆಡಿಟ್, ಸರ್ಟಿಫಿಕೇಟ್ ಕೋರ್ಸ್ ಅಂತ ಮೊಬೈಲಿಗೆ ಮೆಸೇಜ್ ಬರೋದು ಈಗ ಮಾಮೂಲು. ಐಟಿಐ ಮುಗಿಸಿದ ಹುಡುಗರು, ಎಲೆಕ್ಟ್ರಿಕಲ್ ಅಂಗಡಿ ಇಟ್ಟವರು ಕೇಳೋ ಪ್ರಶ್ನೆ ಒಂದೇ: ಸರ್ಕಾರ ಇಷ್ಟೊಂದು ಯೋಜನೆ ತಂದಿದೆ, ಮನೆ ಮನೆಗೆ ಹೋಗಿ ಕರೆಂಟ್ ಲೆಕ್ಕ ಹಾಕೋ ಕೆಲಸ ನಮಗೆ ಸಿಗುತ್ತಾ? ಒಂದೊಂದೇ ಯೋಜನೆ ತೆಗೆದು ನೋಡೋಣ.

ಎಲ್ಇಡಿ ಬಲ್ಬ್ ಯೋಜನೆ

2015ರ ಜನವರಿಯಲ್ಲಿ ಕೇಂದ್ರ ಸರ್ಕಾರ 'ಉಜಾಲಾ' ಯೋಜನೆ ಶುರು ಮಾಡಿತು. ಅದೇ ವರ್ಷದ ಕೊನೆಗೆ ನಮ್ಮ ರಾಜ್ಯಕ್ಕೆ ಅದು 'ಹೊಸ ಬೆಳಕು' ಅನ್ನೋ ಹೆಸರಲ್ಲಿ ಬಂತು. ಸರ್ಕಾರಿ ಸಂಸ್ಥೆ ಕೋಟಿಗಟ್ಟಲೆ ಬಲ್ಬ್ ಒಟ್ಟಿಗೇ ಖರೀದಿ ಮಾಡಿದ್ದಕ್ಕೆ, 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ದರ 2016ರ ಹೊತ್ತಿಗೆ 40 ರೂಪಾಯಿ ಒಳಗೆ ಬಂತು. ಜನರಿಗೆ ಲಾಭ ಆಯ್ತು, ಅನುಮಾನ ಇಲ್ಲ. ಆದ್ರೆ ಅಲ್ಲಿ ಯಾರೂ ಮನೆಗೆ ಬಂದು ಎಷ್ಟು ಲೈಟ್ ಇದೆ, ಎಷ್ಟು ಹೊತ್ತು ಉರಿಯುತ್ತೆ ಅಂತ ಅಳೆಯಲಿಲ್ಲ. ಕರೆಂಟ್ ಬಿಲ್ ತೋರಿಸು, ಬಲ್ಬ್ ತಗೋ, ಅಷ್ಟೇ. ಹೀಗೆ ಎಲ್ಲರಿಗೂ ಒಂದೇ ಸಾಮಾನು ಹಂಚೋ ಯೋಜನೆಯಲ್ಲಿ ಸರ್ವೆ ಮಾಡೋನಿಗೆ ಜಾಗ ಇರಲ್ಲ.

ಗೃಹಜ್ಯೋತಿ

2023ರ ಆಗಸ್ಟ್‌ನಿಂದ ಬಿಲ್‌ನಲ್ಲಿ ಬಂದ ಯೋಜನೆ. 2022-23ರ ಸರಾಸರಿ ಬಳಕೆ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ತೀರಾ ಕಡಿಮೆ ಬಳಸೋರಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿದರು. ಬಿಲ್ ಸೊನ್ನೆ ಬರೋ ಮನೆಯವರು ದುಡ್ಡು ಕೊಟ್ಟು ಕರೆಂಟ್ ಉಳಿಸೋ ಸಲಹೆ ಯಾಕೆ ಕೇಳ್ತಾರೆ? ಸೋಲಾರ್ ತಾನೇ ಯಾಕೆ ಹಾಕಿಸ್ತಾರೆ? ಕೇಳೋರು ಅಂದ್ರೆ ತಮ್ಮ ಮಿತಿ ದಾಟಿ ದಾಟಿ ಬಿಲ್ ಕಟ್ಟೋರು, ಇಲ್ಲಾ 200ರ ಅಂಚಿನಲ್ಲಿ ಇರೋರು. 200 ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಲ್ಲ, ಅವರಿಗೆ ಒಂದೊಂದು ಯೂನಿಟ್ಟೂ ಲೆಕ್ಕವೇ.

ಪಿಎಂ ಸೂರ್ಯಘರ್

2024ರ ಫೆಬ್ರವರಿಯಲ್ಲಿ ಬಂದ ಯೋಜನೆ. 75,021 ಕೋಟಿ ರೂಪಾಯಿ, 1 ಕೋಟಿ ಮನೆ ಗುರಿ. ಮೊದಲ 2 ಕಿಲೋವಾಟ್‌ಗೆ ಕಿಲೋವಾಟಿಗೆ 30,000 ರೂಪಾಯಿ, ಮೂರನೇದಕ್ಕೆ 18,000. ಒಟ್ಟು 78,000 ದಾಟಲ್ಲ. ಸಬ್ಸಿಡಿ ಬರೋದು ಮನೆಯವರ ಬ್ಯಾಂಕ್ ಖಾತೆಗೆ.

ಇಲ್ಲಿ ಕೆಲಸ ಇದೆ, ಆದ್ರೆ ಯಾರಿಗೆ ಅನ್ನೋದು ಮುಖ್ಯ. ಮನೆ ಮನೆಗೆ ಹೋಗಿ ಹೆಸರು ನೋಂದಾಯಿಸೋ ಕೆಲಸವನ್ನ ಅಂಚೆ ಇಲಾಖೆಗೆ, ಅಂದ್ರೆ ನಮ್ಮ ಪೋಸ್ಟ್‌ಮ್ಯಾನ್‌ಗಳಿಗೆ ಕೊಟ್ಟರು. ಸೋಲಾರ್ ಹಾಕೋಕೆ ಆಗುತ್ತಾ ಇಲ್ವಾ ಅಂತ ವಿದ್ಯುತ್ ಕಂಪನಿಯವರು ಮಾಡ್ತಿದ್ದ ತಾಂತ್ರಿಕ ಪರಿಶೀಲನೆಯನ್ನ 10 ಕಿಲೋವಾಟ್ ವರೆಗೂ ಬೇಡ ಅಂತ 2024ರಲ್ಲೇ ಕೇಂದ್ರ ನಿಯಮ ತಿದ್ದಿತು. ಉಳಿದದ್ದು ಮಾಳಿಗೆ ನೋಡೋದು, ನೆರಳು ಬೀಳುತ್ತಾ ನೋಡೋದು, ಅಳತೆ ತಗೊಳ್ಳೋದು. 1 ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತೆ. ಈ ಅಳತೆ ಕೆಲಸ ಮಾಡೋದು ನೋಂದಾಯಿತ ವೆಂಡರ್ ಕಡೆಯವರು. ಅವರು ಅದಕ್ಕೆ ಬೇರೆ ಫೀಸ್ ತಗೊಳ್ಳೋದು ಕಡಿಮೆ, ಪ್ಯಾನಲ್ ರೇಟಲ್ಲೇ ಸೇರಿಸಿರ್ತಾರೆ. ಹಾಗಾಗಿ 'ಸರ್ವೆಯರ್' ಅನ್ನೋ ಬೇರೆ ಹುದ್ದೆಗಿಂತ ವೈರಿಂಗ್, ಫಿಟ್ಟಿಂಗ್, ಸರ್ವಿಸ್ ಬಲ್ಲ ಹುಡುಗರಿಗೇ ಬೇಡಿಕೆ ಜಾಸ್ತಿ. ಹಾಕಿದ ಮೇಲೆ 5 ವರ್ಷ ನೋಡಿಕೊಳ್ಳೋ ಹೊಣೆ ವೆಂಡರ್‌ದೇ.

ಬೇರೆ ದೇಶದಲ್ಲಿ ಆಗಿದ್ದೇನು?

ಆಸ್ಟ್ರೇಲಿಯಾ ಸರ್ಕಾರ 2009ರ ಜುಲೈನಲ್ಲಿ 'ಗ್ರೀನ್ ಲೋನ್ಸ್' ಅನ್ನೋ ಯೋಜನೆ ತಂತು. ತರಬೇತಿ ಪಡೆದವರು ಮನೆಗೆ ಬಂದು ಕರೆಂಟ್, ನೀರಿನ ಬಳಕೆ ನೋಡಿ ವರದಿ ಕೊಡಬೇಕು. ಅವರ ಫೀಸ್ ಸರ್ಕಾರದ್ದು, ಮನೆಯವರಿಗೆ 10,000 ಡಾಲರ್ ತನಕ ಬಡ್ಡಿ ಇಲ್ಲದ ಸಾಲ. ಸುದ್ದಿ ಕೇಳಿದ ತಕ್ಷಣ ಜನ ಕೈಯಿಂದ ದುಡ್ಡು ಹಾಕಿ ಕೆಲವೇ ದಿನದ ಕೋರ್ಸ್ ಮಾಡಿದರು, ವಿಮೆ ಮಾಡಿಸಿದರು. ಸುಮಾರು 10,000 ಜನ ತರಬೇತಿ ಮುಗಿಸಿ ನಿಂತರು. 2010ರ ಫೆಬ್ರವರಿಯಲ್ಲಿ ಸರ್ಕಾರ ಸಾಲ ನಿಲ್ಲಿಸ್ತೀವಿ, ಕೆಲಸ 5,000 ಜನಕ್ಕೆ ಮಾತ್ರ ಅಂತ ಹೇಳಿಬಿಟ್ಟಿತು. ಬದಲಿಗೆ 'ಗ್ರೀನ್ ಸ್ಟಾರ್ಟ್' ಅಂತ ಇನ್ನೊಂದು ಯೋಜನೆ ಘೋಷಿಸಿದರು. ಅದೂ ಶುರುವಾಗೋ ಮುಂಚೆಯೇ, ಅದೇ ಡಿಸೆಂಬರ್‌ನಲ್ಲಿ ರದ್ದಾಯ್ತು. ಕೋರ್ಸಿಗೆ ಹಾಕಿದ ದುಡ್ಡು ವಾಪಸ್ ದುಡಿಯೋಕೂ ಆಗದೆ ಎಷ್ಟೋ ಜನ ಉಳಿದರು.

ಬ್ರಿಟನ್ ಕಥೆಯಲ್ಲಿ ಎರಡು ಮುಖ ಇದೆ. 2013ರ 'ಗ್ರೀನ್ ಡೀಲ್' ಯೋಜನೆಯಲ್ಲಿ ಲಕ್ಷಗಟ್ಟಲೆ ಮನೆ ಪರಿಶೀಲನೆ ಆಯ್ತು, ಸಾಲ ತಗೊಂಡು ಕೆಲಸ ಮಾಡಿಸಿದ ಮನೆ ಮಾತ್ರ ಹದಿನೈದು ಸಾವಿರದ ಆಸುಪಾಸು. 2015ರ ಜುಲೈನಲ್ಲಿ ಸರ್ಕಾರ ದುಡ್ಡು ನಿಲ್ಲಿಸಿತು, ಆ ಕೆಲಸವೂ ನಿಂತಿತು. ಆದ್ರೆ ಅದೇ ದೇಶದಲ್ಲಿ ಮನೆ ಮಾರೋಕೆ, ಬಾಡಿಗೆಗೆ ಕೊಡೋಕೆ ಎನರ್ಜಿ ಸರ್ಟಿಫಿಕೇಟ್ ಬೇಕು ಅನ್ನೋ ಕಾನೂನಿದೆ. ಆ ಸರ್ಟಿಫಿಕೇಟ್ ಬರೆಯೋರಿಗೆ ಇವತ್ತಿಗೂ ಕೆಲಸ ಇದೆ. ಸಬ್ಸಿಡಿ ಮೇಲೆ ನಿಂತ ಕೆಲಸ ಸಬ್ಸಿಡಿ ಜೊತೆಗೇ ಹೋಗುತ್ತೆ. ಕಾನೂನಿನ ಮೇಲೆ ನಿಂತದ್ದು ಉಳಿಯುತ್ತೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ?

2001ರ ಇಂಧನ ಸಂರಕ್ಷಣಾ ಕಾಯ್ದೆ ಪ್ರಕಾರ ಎನರ್ಜಿ ಆಡಿಟ್ ಬೇಕಾಗಿರೋದು ಸಿಮೆಂಟ್, ಉಕ್ಕು, ಗೊಬ್ಬರದಂಥ ದೊಡ್ಡ ಕಾರ್ಖಾನೆಗಳಿಗೆ. ಅದನ್ನ ಮಾಡೋಕೆ ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿಯ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು, ಇಂಜಿನಿಯರಿಂಗ್ ಥರದ ಓದು, ವರ್ಷಗಟ್ಟಲೆ ಅನುಭವ ಬೇಕು. ನಮ್ಮ ನಿಮ್ಮಂಥವರು ವಾಸ ಮಾಡ್ತಿರೋ ಮನೆಗೆ ಆಡಿಟ್ ಕಡ್ಡಾಯ ಇಲ್ಲ. ಹಾಗಿರುವಾಗ ವಾರದ ಕೋರ್ಸ್ ಮಾಡಿದ್ರೆ 'ಸರ್ಕಾರಿ ಮಾನ್ಯತೆ ಪಡೆದ ಮನೆ ಆಡಿಟರ್' ಆಗ್ತೀರಿ ಅಂತ ಯಾರಾದ್ರೂ ಹೇಳಿದ್ರೆ ಯೋಚನೆ ಮಾಡಿ.

ಹಾಗಾದ್ರೆ ಕೆಲಸ ಎಲ್ಲಿದೆ?

ಅಂಗಡಿ ಬೀದಿಯಲ್ಲಿ. ಗೃಹಜ್ಯೋತಿ, ಸೂರ್ಯಘರ್ ಎರಡೂ ಮನೆ ಮೀಟರಿಗೆ ಮಾತ್ರ. ಬೇಕರಿ, ಹೋಟೆಲ್, ಬಟ್ಟೆ ಅಂಗಡಿ, ಹಿಟ್ಟಿನ ಗಿರಣಿ ಇವರೆಲ್ಲ ಪ್ರತಿ ಯೂನಿಟ್ಟಿಗೂ ಜೇಬಿಂದ ಕೊಡ್ತಾರೆ. ಲೆಕ್ಕ ಸುಲಭ: 1,000 ವಾಟ್ ಒಂದು ಗಂಟೆ ಓಡಿದ್ರೆ 1 ಯೂನಿಟ್.

- 40 ವಾಟಿನ ಹಳೇ ಟ್ಯೂಬ್‌ಲೈಟ್ ತೆಗೆದು 20 ವಾಟಿನ ಎಲ್ಇಡಿ ಹಾಕಿದ್ರೆ, 10 ಟ್ಯೂಬ್ ದಿನಕ್ಕೆ 10 ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ಉಳಿತಾಯ.
- ಮಾಮೂಲಿ ಫ್ಯಾನ್ ಸುಮಾರು 75 ವಾಟ್, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 10 ಗಂಟೆ ಅಂದ್ರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 13 ಯೂನಿಟ್ಟಿಗೂ ಹೆಚ್ಚು ಉಳಿಯುತ್ತೆ.
- ಗಿರಣಿ ಥರ ಮೋಟಾರ್ ಇರೋ ಕಡೆ ಪವರ್ ಫ್ಯಾಕ್ಟರ್ ಕಡಿಮೆ ಆಗಿ ದಂಡ ಬೀಳ್ತಿದೆಯಾ ಅಂತ ಬಿಲ್ ನೋಡಿ. ಸರಿಯಾದ ಕೆಪಾಸಿಟರ್ ಹಾಕಿದ್ರೆ ಅದು ನಿಲ್ಲುತ್ತೆ.
- ಮಂಜೂರಾದ ಲೋಡ್ ಮೇಲೆ ಫಿಕ್ಸೆಡ್ ಚಾರ್ಜ್ ಇರುತ್ತೆ. ಬೇಕಾದ್ದಕ್ಕಿಂತ ಜಾಸ್ತಿ ಲೋಡ್ ತಗೊಂಡಿದ್ರೆ ಪ್ರತಿ ತಿಂಗಳೂ ಸುಮ್ಮನೆ ಕಟ್ತಿದ್ದೀರಿ ಅಂತ ಅರ್ಥ.

ಇಷ್ಟನ್ನ ಅಂಗಡಿ ಅಂಗಡಿಗೆ ಹೋಗಿ ಅಳೆದು, ಒಂದು ಹಾಳೆಯಲ್ಲಿ ಬರೆದು ಕೊಡಬಲ್ಲ ಎಲೆಕ್ಟ್ರಿಷಿಯನ್‌ಗೆ ಯಾವ ಯೋಜನೆ ಇದ್ದರೂ, ನಿಂತರೂ ಗಿರಾಕಿ ಇರ್ತಾರೆ. ಉಳಿತಾಯ ಮುಂದಿನ ತಿಂಗಳ ಬಿಲ್ಲಲ್ಲೇ ಕಾಣುತ್ತಲ್ಲ.

ದುಡ್ಡು ಕಟ್ಟೋ ಮುಂಚೆ ಕೇಳಿ

1. ಸರ್ಟಿಫಿಕೇಟ್ ಕೊಡೋದು ಯಾರು? ಕೇಂದ್ರದ ಸೂರ್ಯಮಿತ್ರ ತರಬೇತಿ 600 ಗಂಟೆಯದ್ದು, ಸುಮಾರು ಮೂರು ತಿಂಗಳು, ಕಲಿಯೋರಿಗೆ ಉಚಿತ. ಬ್ಯಾಚ್ ಇದೆಯಾ ಅಂತ ಮೊದಲು ವಿಚಾರಿಸಿ.
2. ವೈರಿಂಗ್ ಕೆಲಸಕ್ಕೆ ಬೇಕಾದ್ದು ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಲೈಸೆನ್ಸ್. ಈ ಕೋರ್ಸ್ ಅದರ ಬದಲಿಗೆ ನಡೆಯುತ್ತಾ?
3. ಕೆಲಸ ಕೊಡಿಸ್ತೀವಿ ಅಂದ್ರೆ ಯಾವ ವೆಂಡರ್ ಹತ್ರ, ಎಷ್ಟು ಸಂಬಳ, ಬರೆದು ಕೊಡ್ತಾರಾ?
4. ಯೋಜನೆಯ ಗುರಿ ಯಾವ ವರ್ಷದ ತನಕ? ಸೂರ್ಯಘರ್‌ದು 2026-27. ಅದಾದ ಮೇಲೆ ನಿಮ್ಮ ಕೈಲಿ ಉಳಿಯೋ ಕಸುಬು ಯಾವುದು?

ನಾಲ್ಕನೇ ಪ್ರಶ್ನೆಗೆ ಉತ್ತರ ಸಿಗೋ ತನಕ ಫೀಸ್ ಕಟ್ಟಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೇ ಕ್ಲ್ಯಾಂಪ್ ಮೀಟರ್ ತಗೊಂಡು, ಪರಿಚಯದ ಅಂಗಡಿಯವರ ಬಿಲ್ ನೋಡೋದರಿಂದ ಶುರು ಮಾಡಬಹುದು.