ಶಿವನಸಮುದ್ರದ ವಿದ್ಯುಚ್ಛಕ್ತಿಯೂ ರಾಬರ್ಟ್‌ಸನ್‌ಪೇಟೆಯೂ

ನಮ್ಮ ದೇಶದಲ್ಲಿ ಪೇಟೆಯೆಂಬುದು ಅನೇಕ ಕಡೆ ಕೋಟೆಯನ್ನು ಆಶ್ರಯಿಸಿ ಬೆಳೆದುದಾಗಿದೆ. ಬೆಂಗಳೂರಿನ ಕೋಟೆ ಪೇಟೆಗಳೇ ಇದಕ್ಕೆ ನಿದರ್ಶನ. ಕೋಲಾರದ ಚಿನ್ನದ ಗಣಿಗಳ ಉಪನಗರವಾದ ರಾಬರ್ಟ್‌ಸನ್‌ಪೇಟೆಗಾದರೋ ಕೋಟೆಯಿಲ್ಲ; ಅದಕ್ಕೆ ಆಶ್ರಯವಾದುದು ಗಣಿ. ಆ ಗಣಿಗೆ ಶಕ್ತಿಯನ್ನು ಒದಗಿಸಿದುದು ದೂರದ ಮಳವಳ್ಳಿ ತಾಲ್ಲೂಕು. ಆದಕಾರಣ ಈ ಎರಡು ಸ್ಥಳಗಳ ಚರಿತ್ರೆಯನ್ನು ಒಟ್ಟಿಗೆ ಪರಿಶೀಲಿಸುವುದು ಯುಕ್ತವಾಗಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ, ತಮಿಳು ತೆಲುಗು ಸೀಮೆಗಳಿಂದ ಕೂಲಿಗಾರರು ಗುಂಪುಗುಂಪಾಗಿ ಬಂದು ನೆಲಸಿದರು. 1901ರ ಜನಗಣತಿಯ ವೇಳೆಗೆ ಅಲ್ಲಿಯ ಜನಸಂಖ್ಯೆ 38,000ವನ್ನು ಮೀರಿತ್ತು. ಈ ಜನಸಂದಣಿಯನ್ನು ತಗ್ಗಿಸುವುದಕ್ಕಾಗಿ ಗಣಿಗಳ ಪೂರ್ವಕ್ಕಿರುವ ಎತ್ತರದ ನೆಲದಲ್ಲಿ ಹೊಸ ಪದ್ಧತಿಯಂತೆ ಒಂದು ಊರನ್ನು ನಿರ್ಮಿಸಲಾಯಿತು. ಮೈಸೂರಿನ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರು ಅದಕ್ಕೆ ಬಂದಿತು.

ಅದೇ ಕಾಲದಲ್ಲಿ ಶಿವನಸಮುದ್ರದಲ್ಲಿ ಬೇರೊಂದು ಕಾರ್ಯ ನಡೆಯುತ್ತಿದ್ದಿತು. ಮಳವಳ್ಳಿ ತಾಲ್ಲೂಕು ಆಗ ಮೈಸೂರು ಜಿಲ್ಲೆಗೆ ಸೇರಿದ್ದಿತು. ಮಂಡ್ಯ ಜಿಲ್ಲೆಯಾದುದು 1939ರಲ್ಲಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಪ್ರೋತ್ಸಾಹದಿಂದಲೂ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರ ಯೋಜನೆಯಂತೆಯೂ ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, 1902ರ ಜೂನ್ ತಿಂಗಳಲ್ಲಿ ಸುಮಾರು 92 ಮೈಲಿ ದೂರದ ಗಣಿಗಳಿಗೆ ಕಳುಹಿಸಲಾಯಿತು. ಅಂದಿನ ಲೋಕದಲ್ಲಿ ಅಷ್ಟು ದೀರ್ಘವಾದ ವಿದ್ಯುತ್ತಂತಿಗಳು ವಿರಳ. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ಕಾಲವಾದುದರಿಂದ ಇದನ್ನು ಕಣ್ಣಾರೆ ಕಾಣಲಿಲ್ಲ. ಕಾವೇರಿಯ ಶಕ್ತಿಯು ಮೊದಲು ಹೋದುದು ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪವಾದುದು ಮೂರು ವರ್ಷಗಳ ಅನಂತರ, 1905ರಲ್ಲಿ. ರಾಜ್ಯದ ಆದಾಯದಲ್ಲಿ ಚಿನ್ನಕ್ಕಿದ್ದ ಸ್ಥಾನವು ಈ ಕ್ರಮದಿಂದಲೇ ವ್ಯಕ್ತವಾಗುತ್ತದೆ.

ಸ್ಥಳನಾಮಗಳು ಚರಿತ್ರೆಗೆ ಸಾಧನಗಳೆಂಬುದು ನಿಜ. ಆದರೆ ಅವು ಎಲ್ಲವನ್ನೂ ಹೇಳುವುದಿಲ್ಲ. ಸಮೀಪದ ಬೌರಿಂಗ್‌ಪೇಟೆಯು ಬಂಗಾರಪೇಟೆಯಾಯಿತು. ರಾಬರ್ಟ್‌ಸನ್‌ಪೇಟೆಯ ಹೆಸರು ಹಾಗೆಯೇ ಉಳಿಯಿತು. ಒಂದರಲ್ಲಿ ಲೋಹವೂ ಮತ್ತೊಂದರಲ್ಲಿ ಅಧಿಕಾರಿಯೂ ನೆನಪಾಗಿರುವರು. ನೆಲದಡಿಯಲ್ಲಿ ದುಡಿದವರಾಗಲಿ, ಯಂತ್ರಗಳನ್ನು ತಿರುಗಿಸಿದ ಕಾವೇರಿಯಾಗಲಿ ಎರಡರಲ್ಲಿಯೂ ಇಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಗಣಿಗಾಗಿ ಹುಟ್ಟಿದ ಉಪನಗರವು ಮಾತ್ರ ಅಳಿಯಲಿಲ್ಲ. 2011ರ ಜನಗಣತಿಯಲ್ಲಿ ನಗರಸಭೆಯು ಅದರ ಹೆಸರಿನಿಂದಲೇ ದಾಖಲಾಗಿದೆ. ಆಶ್ರಯವು ಹೋದ ಮೇಲೂ ಆಶ್ರಿತವು ನಿಂತಿತು. ಹೀಗಿರುವಲ್ಲಿ, ಈ ಊರಿನ ಚರಿತ್ರೆಯನ್ನು ಬರೆಯತಕ್ಕವರು ಗಣಿಯ ದಾಖಲೆಗಳಲ್ಲಿಯೇ ನಿಲ್ಲದೆ, ಒಂದು ಕಡೆ ಅದರ ಬೀದಿಗಳ ಜನಜೀವನವನ್ನೂ ಮತ್ತೊಂದು ಕಡೆ ಮಳವಳ್ಳಿಯ ನದೀತೀರವನ್ನೂ ನೋಡಬೇಕಾಗಿದೆ.